ಮುಚ್ಚಿದ ಗಾಡಿಯೊಳಗಣ ಗೋದಿ

ನೆಲದ ಮೇಲೆ ಗಡಿಗೆಯಿಲ್ಲವೆಂಬುದು ನಮಗೆ ತಿಳಿಯುವ ಬಗೆ ಯಾವುದು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದರೆಂದರೆ ಶಾಸ್ತ್ರದ ಪರಿಚಯವಿಲ್ಲದವರಿಗೆ ನಗು ಬರಬಹುದು. ಇರುವ ಗಡಿಗೆಯನ್ನು ಕಣ್ಣು ಕಾಣುತ್ತದೆ, ಸರಿ. ಇಲ್ಲದ ಗಡಿಗೆಯನ್ನು ಕಾಣುವುದು ಯಾವುದು? ನೈಯಾಯಿಕರು ಅದನ್ನೂ ಕಣ್ಣಿನ ಕೆಲಸಕ್ಕೇ ಸೇರಿಸಿದರು. ಕುಮಾರಿಲಭಟ್ಟನ ಹಾದಿಯ ಮೀಮಾಂಸಕರೂ ಅವರನ್ನು ಅನುಸರಿಸಿ ಅದ್ವೈತಿಗಳೂ ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವನ್ನೇ ಒಪ್ಪಿಕೊಂಡರು. ಆದರೆ ಒಂದು ಕಟ್ಟುಪಾಡಿನಲ್ಲಿ ಎರಡು ಪಕ್ಷಗಳಿಗೂ ಭೇದವಿರಲಿಲ್ಲ. ಕಾಣಲಿಲ್ಲವೆಂಬ ಮಾತ್ರಕ್ಕೆ ಯಾವ ವಸ್ತುವನ್ನೂ ಇಲ್ಲವೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಾಗಿದ್ದುದು ಕಾಣದೆ ಹೋದಾಗ ಮಾತ್ರವೇ ಇಲ್ಲವೆಂದು ನಿರ್ಣಯಿಸುವ ಅಧಿಕಾರ ನಮಗೆ ಬರುವುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿರುವುದು ಗಡಿಗೆಯ ಅಭಾವಕ್ಕೆ ಸಾಕ್ಷಿಯಾಗದು.

ಈ ನಿಯಮಕ್ಕೆ ಕತ್ತಲೆಯ ಕೋಣೆಗಿಂತಲೂ ಸೊಗಸಾದ ಉದಾಹರಣೆಯೊಂದು ಅಮೆರಿಕದ ರೈಲುಹಾದಿಗಳಲ್ಲಿ ದಿನವೂ ಓಡಾಡುತ್ತಿದೆ. ಅದಕ್ಕೆ ಅಲ್ಲಿಯವರು ಕವರ್ಡ್ ಹಾಪರ್ ಎನ್ನುವರು. ಮೇಲೆ ಸಾಲಾಗಿ ಮುಚ್ಚಳಗಳುಳ್ಳ ಮಾಡು, ಕೆಳಗೆ ಲಾಳಿಕೆಯಂತೆ ಇಳಿಜಾರಾಗಿ ಕೂಡುವ ಎರಡೋ ಮೂರೋ ನಾಲ್ಕೋ ಕೋಣೆಗಳು, ಅವುಗಳ ತಳದಲ್ಲಿ ಸರಿಸುವ ಬಾಗಿಲುಗಳು: ಇಷ್ಟೇ ಅದರ ರಚನೆ. ಸರಕು ಮೇಲಿನಿಂದ ಸುರಿಯುತ್ತದೆ, ಕೆಳಗಿನಿಂದ ತನ್ನ ಭಾರದಿಂದಲೇ ಇಳಿದುಹೋಗುತ್ತದೆ. ನಮ್ಮ ದೇಶದಲ್ಲಿ ಆಹಾರಧಾನ್ಯವು ಬಹುಮಟ್ಟಿಗೆ ಗೋಣಿಚೀಲದಲ್ಲಿ, ಹಮಾಲರ ಬೆನ್ನಿನ ಮೇಲೆ, ಪಕ್ಕದ ಬಾಗಿಲಿನಿಂದ ವ್ಯಾಗನ್ನು ಹತ್ತುವುದನ್ನು ಕಂಡವರಿಗೆ ಈ ಏರ್ಪಾಡು ಹೊಸತೆನಿಸಬಹುದು. ಅಮೆರಿಕದಲ್ಲಿಯೂ ಅದು ಬಹಳ ಹಳೆಯದೇನಲ್ಲ. ಕಳೆದ ಶತಮಾನದ ನಡುಭಾಗದವರೆಗೂ ಅಲ್ಲಿ ಗೋದಿ ಸಾಗುತ್ತಿದ್ದುದು ನಲವತ್ತಡಿಯ ಬಾಕ್ಸ್ ಕಾರ್ ಎಂಬ ಸಾಧಾರಣ ಮುಚ್ಚುಗಾಡಿಗಳಲ್ಲಿಯೇ. ಬಾಗಿಲಿನ ಒಳಗಡೆ ಹಲಗೆಗಳನ್ನು ಅಡ್ಡಲಾಗಿ ಬಡಿದು, ಅದರ ಮೇಲಿಂದ ಧಾನ್ಯವನ್ನು ತೂರಿ, ದಾರಿಯುದ್ದಕ್ಕೂ ಸಂದಿಗಳಲ್ಲಿ ಸೋರುವುದನ್ನು ಸಹಿಸಿಕೊಂಡು ಕಾಲ ಹಾಕುತ್ತಿದ್ದರು. 1960ರ ದಶಕದ ಆದಿಯಲ್ಲಿ ಸದರ್ನ್ ರೈಲ್ವೇ ಸಂಸ್ಥೆಯು ‘ಬಿಗ್ ಜಾನ್’ ಎಂಬ ಅಲ್ಯೂಮಿನಿಯಂ ಹಾಪರುಗಳನ್ನು ತಂದು, ಧಾನ್ಯದ ಸಾಗಣೆಯ ದರವನ್ನು ಒಮ್ಮೆಗೇ ಇಳಿಸಹೊರಟಾಗ, ದೋಣಿಯ ಸಾಗಣೆಯವರೊಡನೆ ಎದ್ದ ವ್ಯಾಜ್ಯ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು.

ಈ ಗಾಡಿಯ ಒಳಗನ್ನು ಕೆಳಗೆ ನಿಂತವರು ನೋಡಲಾರರು. ಆದರೂ ಬಲ್ಲವರು ಒಳಗಿರುವುದು ಇಂಥದೆಂದು ಹೇಳಬಲ್ಲರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತರ್ಕವೇ ಇದು; ಅವರಿಗೆ ಹೊಗೆಯ ಸ್ಥಾನದಲ್ಲಿರುವುದು ಗಾಡಿಯ ಆಕಾರ. ಸಿಮೆಂಟು ಭಾರವಾದ ಸರಕು: ಅಮೆರಿಕದ ಒಂದು ಚೀಲ ಸಿಮೆಂಟು ಒಂದು ಘನ ಅಡಿಯೆಂದು ಲೆಕ್ಕ, ತೂಕ 94 ಪೌಂಡು. ಗೋದಿಯಾದರೆ ಒಂದು ಘನ ಅಡಿಗೆ ಸುಮಾರು 48 ಪೌಂಡು. ಪ್ಲಾಸ್ಟಿಕ್ಕಿನ ಕಾಳುಗಳು ಅದಕ್ಕೂ ಹಗುರ. ಹಳಿ ಹೊರುವ ಭಾರಕ್ಕೆ ಒಂದು ಮಿತಿಯುಂಟು. ಆ ಮಿತಿಯೊಳಗೆ ಭಾರವಾದ ಸರಕಿಗೆ ಚಿಕ್ಕ ಪಾತ್ರೆ ಸಾಕು, ಹಗುರಾದುದಕ್ಕೆ ದೊಡ್ಡದು ಬೇಕು. ಆದುದರಿಂದಲೇ ಪುಲ್‌ಮನ್-ಸ್ಟ್ಯಾಂಡರ್ಡ್ ಕಂಪನಿಯ ಸಿಮೆಂಟಿನ ಗಾಡಿ 2003 ಘನ ಅಡಿಯ, ಎರಡು ಕೋಣೆಗಳ ಗಿಡ್ಡ ಆಳು. ಅದೇ ಕಂಪನಿಯ ಧಾನ್ಯದ ಗಾಡಿ 4427, ಆಮೇಲೆ 4750 ಘನ ಅಡಿಗಳಿಗೆ ಬೆಳೆದ ಮೂರು ಕೋಣೆಗಳ ಉದ್ದನೆಯ ದೇಹ. ಟೆಕ್ಸಾಸಿನ ಕರಾವಳಿಯಿಂದ ಬರುವ ಪ್ಲಾಸ್ಟಿಕ್ ಗಾಡಿಗಳು ಅದನ್ನೂ ಮೀರಿದ ಗಾತ್ರದವು. ಧಾನ್ಯದ ಗಾಡಿಗೆ ಸಾಮಾನ್ಯವಾಗಿ ಮಾಡಿನುದ್ದಕ್ಕೂ ಒಂದೇ ನೀಳವಾದ ಬಾಯಿ, ಏಕೆಂದರೆ ಕಣಜದ ಕೊಳವೆಯ ಕೆಳಗೆ ಗಾಡಿ ಮೆಲ್ಲನೆ ಸರಿಯುತ್ತಲೇ ತುಂಬಬೇಕು. ಸಿಮೆಂಟಿಗೂ ಪ್ಲಾಸ್ಟಿಕ್ಕಿಗೂ ದುಂಡನೆಯ ಮುಚ್ಚಳಗಳು. ವಯೋಮಿಂಗಿನ ಗ್ರೀನ್ ರಿವರಿನ ಸೋಡಾ, ಸಸ್ಕಾಚೆವಾನಿನ ಪೊಟ್ಯಾಶ್, ಫ್ಲಾರಿಡಾದ ಫಾಸ್ಫೇಟು, ಇವಕ್ಕೆಲ್ಲ ಅವುಗಳ ಸಾಂದ್ರತೆಗೆ ತಕ್ಕ ಮೈಕಟ್ಟು. ಮಳೆಗಾಲದಲ್ಲಿ ಸಿಮೆಂಟಿನ ಗಾಡಿಯ ಮುಚ್ಚಳದ ಸುತ್ತ ಚೆಲ್ಲಿದ ಪುಡಿ ನೆನೆದು ಗಟ್ಟಿಯಾಗಿ, ಬೂದುಬಣ್ಣದ ಹೆಪ್ಪುಗಳಾಗಿ, ಪಕ್ಕಗಳ ಮೇಲೆ ಇಳಿದ ಬಿಳಿಯ ಗೆರೆಗಳಾಗಿ ನಿಲ್ಲುತ್ತದೆ. ಇದಕ್ಕಿಂತ ನೆಚ್ಚಬಹುದಾದ ಹೇತು ತರ್ಕಶಾಸ್ತ್ರದಲ್ಲಿಯೂ ಅಪರೂಪ. ಬರಿಯ ಬೂದುಬಣ್ಣವನ್ನು ನಂಬಿದವನು ಮಾತ್ರ ಹೇತ್ವಾಭಾಸಕ್ಕೆ ಸಿಕ್ಕಿಬೀಳುವನು, ಏಕೆಂದರೆ ಆ ಬಣ್ಣ ಬಳಿದ ಧಾನ್ಯದ ಗಾಡಿಗಳೂ ಬೇಕಾದಷ್ಟಿವೆ.

ಇಷ್ಟೆಲ್ಲ ಪೀಠಿಕೆಯು ನಿಜವಾದ ಗಾಡಿಗಳ ಸಲುವಾಗಿ ಬೇಕಾಗಿರಲಿಲ್ಲ. ಅವುಗಳ ಒಳಗೆ ಗೋದಿ ಇರುತ್ತದೆ, ಇಲ್ಲವೆ ಇರುವುದಿಲ್ಲ, ಬೇಕಾದವರು ಏಣಿ ಹತ್ತಿ ನೋಡಬಹುದು. ತೊಡಕು ಹುಟ್ಟುವುದು ಈ ಗಾಡಿಯ ಪ್ರತಿಕೃತಿಯಲ್ಲಿ. ಅಮೆರಿಕದಲ್ಲಿ ಪ್ರಾಯದ ಗೃಹಸ್ಥರು, ವಕೀಲರು, ವೈದ್ಯರು, ನಿವೃತ್ತರಾದ ರೈಲ್ವೇ ನೌಕರರು, ತಮ್ಮ ಮನೆಯ ನೆಲಮಾಳಿಗೆಗಳಲ್ಲಿ ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆಗೆ ಹಳಿ, ನಿಲ್ದಾಣ, ಬೆಟ್ಟ, ಊರುಗಳನ್ನು ಕಟ್ಟಿ ರೈಲು ನಡೆಸುವುದುಂಟು. ಇವರದೊಂದು ರಾಷ್ಟ್ರೀಯ ಸಂಘ 1935ರಲ್ಲಿಯೇ ಸ್ಥಾಪಿತವಾಯಿತು. ಇವರ ಕಲ್ಲಿದ್ದಲಿನ ಗಾಡಿ ತೆರೆದದ್ದು. ಅದರಲ್ಲಿ ಕಲ್ಲಿದ್ದಲಿನ ಚೂರುಗಳನ್ನೋ ಕಪ್ಪು ಬಳಿದ ಪುಡಿಯನ್ನೋ ತುಂಬದಿದ್ದರೆ ನೋಡಿದವರು ಖಾಲಿಯೆಂದುಬಿಡುವರು, ಹಾಗೆನ್ನಲು ಅವರಿಗೆ ಶಾಸ್ತ್ರದ ಸಮ್ಮತಿಯೂ ಉಂಟು. ಮುಚ್ಚಿದ ಹಾಪರಿನಲ್ಲಿ ಆ ಕಷ್ಟವಿಲ್ಲ. ಅದು ಎಂದೆಂದಿಗೂ ಬರಿದು. ಅದರ ಹೊಟ್ಟೆಯಲ್ಲಿರುವುದು ತೂಕಕ್ಕೆಂದು ಅಂಟಿಸಿದ ಒಂದು ಉಕ್ಕಿನ ತುಂಡು. ಆದರೂ ಅದರ ಒಡೆಯನು ‘ಇದು ಕಾನ್ಸಾಸಿನ ಗೋದಿ, ಬಫೆಲೋ ನಗರದ ಹಿಟ್ಟಿನ ಗಿರಣಿಗೆ ಹೋಗಬೇಕು’ ಎನ್ನುವನು, ಮತ್ತು ಹಾಗೆನ್ನುವಾಗ ಅವನು ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಆ ಗೋದಿಯ ಅಸ್ತಿತ್ವ ಎಂಥದು?

ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಹೇಳಿದವರಲ್ಲಿ ಒಬ್ಬನಾದ ಶ್ರೀಶಂಕುಕನು ಚಿತ್ರದ ಕುದುರೆಯನ್ನು ಕುದುರೆಯೆಂದು ತಿಳಿಯುವ ಜ್ಞಾನವು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಬುದ್ಧಿಯೂ ಅಲ್ಲವೆಂದನು. ರಾಮನ ಪಾತ್ರ ವಹಿಸಿದ ನಟನಲ್ಲಿ ಉಂಟಾಗುವ ರಾಮನ ಅರಿವಿಗೆ ಅವನು ಕೊಟ್ಟ ದೃಷ್ಟಾಂತವದು. ಮಾದರಿ ರೈಲಿನವರಿಗೂ ರಂಗಭೂಮಿಯ ಉಪಮೆ ಹೊಸತಲ್ಲ: ಫ್ರ್ಯಾಂಕ್ ಎಲಿಸನ್ ಎಂಬಾತನು 1944ರಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಲ್ಲಿ ದೃಶ್ಯಾವಳಿಯೇ ರಂಗಸಜ್ಜಿಕೆ, ಗಾಡಿಗಳೇ ಪಾತ್ರಧಾರಿಗಳು, ಅವುಗಳ ಓಡಾಟದ ವೇಳಾಪಟ್ಟಿಯೇ ಕಥಾವಸ್ತು ಎಂದು ವಿಸ್ತರಿಸಿದ್ದನು. ಚಿಕ್ಕ ಗಾಡಿಯ ಮಟ್ಟಿಗೆ ಶಂಕುಕನ ಮಾತು ಸಾಕು. ಗಾಡಿ ಚಿತ್ರದ ಕುದುರೆ. ಆದರೆ ನಮ್ಮ ಪ್ರಶ್ನೆ ಕುದುರೆಯನ್ನು ಕುರಿತದ್ದಲ್ಲ, ಆ ಚಿತ್ರದ ಕುದುರೆ ಬೆಳಗ್ಗೆ ಮೇದುಬಂದ ಹುಲ್ಲನ್ನು ಕುರಿತದ್ದು. ಅದನ್ನು ಯಾವ ಚಿತ್ರಕಾರನೂ ಬರೆದಿಲ್ಲ. ಹುಡುಗಿಯರು ಮರದ ಬುಡದಲ್ಲಿ ಕುಳಿತು ಅಡುಗೆಯಾಟವಾಡುವಾಗ ಅನ್ನವಾಗಲು ಮರಳಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ.

ಬೌದ್ಧರಾದ ಧರ್ಮಕೀರ್ತಿಯವರ ಬಳಿ ಈ ವ್ಯಾಜ್ಯವನ್ನು ಒಯ್ದಿದ್ದರೆ ತೀರ್ಪು ಬೇಗನೆ ಬರುತ್ತಿತ್ತು. ಅರ್ಥಕ್ರಿಯಾಸಾಮರ್ಥ್ಯವುಳ್ಳದ್ದೇ, ಎಂದರೆ ಏನಾದರೊಂದು ಕಾರ್ಯವನ್ನು ಮಾಡಬಲ್ಲದ್ದೇ ಸತ್ಯವೆಂಬುದು ಅವರ ಮತ. ಈ ಗೋದಿ ಯಾರ ಹಸಿವನ್ನು ಇಂಗಿಸಿತು, ಯಾವ ಎಂಜಿನ್ನಿಗೆ ಭಾರವಾಯಿತು? ಕುತೂಹಲದಿಂದ ಒಮ್ಮೆ ಲೆಕ್ಕ ಹಾಕಿ ನೋಡಿದೆ. ನೂರು ಟನ್ನಿನ ನಿಜವಾದ ಹಾಪರು ತುಂಬಿದಾಗ ಹಳಿಯ ಮೇಲೆ ಹೊರಿಸುವ ಭಾರ 2,63,000 ಪೌಂಡು. ಅದನ್ನು ಎಂಬತ್ತೇಳರ ಘನದಿಂದ ಭಾಗಿಸಿದರೆ ಮಾದರಿಗೆ ನ್ಯಾಯವಾಗಿ ಬರಬೇಕಾದ ತೂಕ ಸುಮಾರು 180 ಗ್ರಾಂ. ಖಾಲಿ ಗಾಡಿಯ ಭಾರ ಸುಮಾರು 63,000 ಪೌಂಡು ಎಂದಿಟ್ಟುಕೊಂಡರೆ ಮಾದರಿಯಲ್ಲಿ 43 ಗ್ರಾಂ. ಆದರೆ ಚಕ್ರಗಳು ಹಳಿ ತಪ್ಪದಿರಲೆಂದು ಮಾದರಿ ರೈಲಿನವರ ಸಂಘವು ಶಿಫಾರಸು ಮಾಡಿರುವ ಸೂತ್ರದ ಪ್ರಕಾರ, ಮೊದಲಿಗೆ ಒಂದು ಔನ್ಸು, ಆಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸು ಸೇರಿಸಿದರೆ, ಏಳೂವರೆ ಅಂಗುಲದ ಗಾಡಿ ತೂಗಬೇಕಾದದ್ದು ಸುಮಾರು 135 ಗ್ರಾಂ. ತುಂಬಿದ ಗಾಡಿಯ ತೂಕವೂ ಅಲ್ಲ, ಖಾಲಿ ಗಾಡಿಯ ತೂಕವೂ ಅಲ್ಲ! ಸತ್ತಿಗೂ ಅಸತ್ತಿಗೂ ವಿಲಕ್ಷಣವಾದ ಅನಿರ್ವಚನೀಯವೊಂದನ್ನು ತಕ್ಕಡಿಯಲ್ಲಿಟ್ಟು ತೂಗಿ ತೋರಿಸುವ ಭಾಗ್ಯ ಅದ್ವೈತಿಗಳಿಗೆ ಬೇರೆಲ್ಲೂ ಒದಗಿರಲಾರದು. ಹೋಗುವಾಗಲೂ ಬರುವಾಗಲೂ ಅದೇ 135 ಗ್ರಾಂ. ಗೋದಿ ಬಂದುದೂ ಹೋದುದೂ ಎಂಜಿನ್ನಿಗೆ ತಿಳಿಯದು.

ಆದರೂ ಧರ್ಮಕೀರ್ತಿಯವರ ತೀರ್ಪನ್ನು ಒಪ್ಪಲು ನನಗೆ ಮನಸ್ಸು ಬಾರದು. ಆ ಗೋದಿ ಕಾರ್ಯವೊಂದನ್ನು ಖಂಡಿತ ಮಾಡುತ್ತದೆ. ಆದರೆ ಅದು ಮಾಡುವುದು ಗಾಡಿಯ ಮೇಲಲ್ಲ, ಮನುಷ್ಯನ ಮೇಲೆ.

ಇಲಿನಾಯ್ ಸಂಸ್ಥಾನದ ಒಂದು ಮನೆಯಲ್ಲಿ ಇಂತಹ ರೈಲು ನಡೆಯುವುದನ್ನು ನಾನು ನೋಡಿದ್ದೇನೆ. ಮನೆಯ ಯಜಮಾನರು ಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಸಂಜೆಗೆ ಸೇರಿದ್ದ ಅತಿಥಿಗಳಿಗೆಲ್ಲ ಒಂದೊಂದು ರೈಲನ್ನು ವಹಿಸಿಕೊಟ್ಟಿದ್ದರು. ಪ್ರತಿಯೊಂದು ಗಾಡಿಗೂ ಒಂದು ರಟ್ಟಿನ ಕಾರ್ಡು. ಅದರ ಮೇಲೆ ಗಾಡಿಯ ಜಾತಿ, ಒಡೆತನದ ಅಕ್ಷರಗಳು, ಸಂಖ್ಯೆ. ಕೆಳತುದಿಯನ್ನು ಮೇಲಕ್ಕೆ ಮಡಿಸಿ ಮಾಡಿದ ಜೇಬು. ಜೇಬಿನಲ್ಲಿ ವೇಬಿಲ್ ಎಂಬ ಚೀಟಿ: ಕಳುಹಿಸುವವರು ಯಾರು, ಪಡೆಯುವವರು ಯಾರು, ಸರಕು ಏನು. ಚೀಟಿಗೆ ಎರಡು ಮೈ, ಒಂದೊಂದು ಮೈಯಲ್ಲಿ ತಲೆಕೆಳಗಾಗಿ ಎರಡೆರಡು ಬರಹ, ಹೀಗೆ ನಾಲ್ಕು ಮುಖ. ಗಾಡಿ ಒಂದು ಮುಖದಲ್ಲಿ ಹೇಳಿದ ಊರನ್ನು ಸೇರಿದ ಮೇಲೆ ಚೀಟಿಯನ್ನು ತಿರುಗಿಸಿಟ್ಟರೆ ಮುಂದಿನ ಪ್ರಯಾಣ ಸಿದ್ಧ. ಅಂದು ಅತಿಥಿಗಳಲ್ಲಿ ಒಬ್ಬ ಯುವಕನು ಸಿಮೆಂಟಿನ ಕಾರ್ಖಾನೆಗೆ ಖಾಲಿ ಗಾಡಿ ಬೇಕೆಂದಿದ್ದಾಗ, ಹತ್ತಿರದಲ್ಲಿ ನಿಂತಿದ್ದ ಪ್ಲಾಸ್ಟಿಕ್ಕಿನ ಉದ್ದನೆಯ ಹಾಪರನ್ನು ತಳ್ಳಿಕೊಂಡು ಹೋಗಿ ಅಲ್ಲಿ ನಿಲ್ಲಿಸಿಬಿಟ್ಟನು. ಸಿಮೆಂಟಿನ ಗಾಡಿಯಲ್ಲಿಯೂ ಪ್ಲಾಸ್ಟಿಕ್ಕಿನ ಗಾಡಿಯಲ್ಲಿಯೂ ಇದ್ದುದು ಒಂದೊಂದು ಉಕ್ಕಿನ ತುಂಡು. ಯಜಮಾನರು ಬೈಯಲಿಲ್ಲ, ಆ ಗಾಡಿಯಲ್ಲಿ ಸಿಮೆಂಟನ್ನು ತುಂಬಿದರೆ ಅರ್ಧ ತುಂಬುವುದರೊಳಗೆ ಅಚ್ಚುಗಳು ಹೊರುವ ಮಿತಿ ಮುಗಿಯುವುದೆಂದೂ, ಸಿಮೆಂಟು ಸೋಂಕಿದ ಗಾಡಿಯನ್ನು ಪ್ಲಾಸ್ಟಿಕ್ಕಿನವರು ಮತ್ತೆ ಮುಟ್ಟರೆಂದೂ ಸಾವಧಾನವಾಗಿ ವಿವರಿಸಿ, ಗಾಡಿಯನ್ನು ಹಿಂದಕ್ಕೆ ತರಿಸಿದರು. ಅದೇ ಮನೆಯಲ್ಲಿ 1967ಕ್ಕೆ ಮುಂಚಿನ ಕಾಲವೊಂದನ್ನು ನಡೆಸುತ್ತಿದ್ದುದರಿಂದ, ಆ ವರ್ಷದಿಂದ ಗಾಡಿಗಳ ಮೈಗೆ ಅಂಟಿಸತೊಡಗಿ ಹತ್ತು ವರ್ಷದಲ್ಲಿ ಕೈಬಿಟ್ಟ ಬಣ್ಣದ ಪಟ್ಟಿಗಳ ಫಲಕವುಳ್ಳ ಯಾವ ಗಾಡಿಗೂ ಪ್ರವೇಶವಿರಲಿಲ್ಲ. ಫಲಕವೆಂದರೆ ಹೆಸರುಬೇಳೆಯಷ್ಟು ಚಿಕ್ಕದು. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರೆ ಮಾತ್ರ ಕಾಣುವಂಥದು.

ಇದನ್ನು ನಂಬಿಕೆಯೆನ್ನಲೆ? ಆ ಯಜಮಾನರು ಗಾಡಿಯಲ್ಲಿ ಗೋದಿಯುಂಟೆಂದು ನಂಬಿದವರಲ್ಲ. ಭ್ರಾಂತಿಯೆನ್ನಲೆ? ಹಗ್ಗವನ್ನು ಹಾವೆಂದುಕೊಂಡವನು ಬೆಳಕು ಬಂದೊಡನೆ ನಗುತ್ತಾನೆ; ಇವರಿಗೆ ಬೆಳಕು ಮೊದಲಿನಿಂದಲೂ ಇದೆ. ನಮ್ಮ ಪರಂಪರೆಯಲ್ಲಿ ಇದಕ್ಕೆ ಹತ್ತಿರವಾದದ್ದು ಸಂಕಲ್ಪ, ಅದರಲ್ಲಿಯೂ ಮಾನಸಪೂಜೆಯ ಸಂಕಲ್ಪ. ಬಾಹ್ಯಪೂಜೆಗೆ ಮುನ್ನ ಮನಸ್ಸಿನಲ್ಲಿಯೇ ಪೀಠವನ್ನು ಹಾಕಿ, ಅಭಿಷೇಕ ಮಾಡಿ, ನೈವೇದ್ಯವನ್ನು ಅರ್ಪಿಸುವ ವಿಧಿಯುಳ್ಳ ಸಂಪ್ರದಾಯಗಳು ಹಲವಿವೆ. ಅರವತ್ತುಮೂವರು ಪುರಾತನರಲ್ಲಿ ಒಬ್ಬನಾದ ತಿರುನಿನ್ರವೂರಿನ ಪೂಸಲಾರನ ಕಥೆಯನ್ನು ಇಲ್ಲಿ ನೆನೆಯಬೇಕು. ಶಿವನಿಗೆ ಗುಡಿ ಕಟ್ಟಲು ಹಣವೊದಗದೆ ಹೋದಾಗ ಆತನು ಮನಸ್ಸಿನಲ್ಲಿಯೇ ಕಟ್ಟಲು ತೊಡಗಿದನು; ಅದರ ಪ್ರತಿಷ್ಠೆಯ ದಿನವೇ ಕಾಂಚಿಯಲ್ಲಿ ಪಲ್ಲವರ ಅರಸನು ಕಟ್ಟಿಸಿದ ಕಲ್ಲಿನ ಗುಡಿಯ ಪ್ರತಿಷ್ಠೆಯೂ ಬಿದ್ದಾಗ, ಶಿವನು ಅರಸನ ಕನಸಿನಲ್ಲಿ ಬಂದು ತಾನು ಪೂಸಲಾರನ ಗುಡಿಗೆ ಹೋಗಬೇಕಾಗಿರುವುದರಿಂದ ಮುಹೂರ್ತವನ್ನು ಮುಂದೂಡೆಂದನಂತೆ. ಈ ಕಥೆಯನ್ನು ಕೇಳುವವರೆಲ್ಲ ಭಕ್ತಿಯ ಹೆಚ್ಚಳವನ್ನು ಕೊಂಡಾಡುವರು. ನನ್ನ ಗಮನ ಹೋಗುವುದು ಬೇರೊಂದು ವಿವರಕ್ಕೆ. ಮನಸ್ಸಿನ ಗುಡಿಯನ್ನು ಪೂಸಲಾರನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಸಬಹುದಾಗಿತ್ತು, ಅಡ್ಡಿಪಡಿಸುವವರು ಯಾರು? ಆದರೆ ಆತನು ಮನಸ್ಸಿನಲ್ಲಿಯೂ ಒಳ್ಳೆಯ ದಿನವನ್ನು ನೋಡಿ, ತಳಪಾಯ ಹಾಕಿ, ಆಗಮದಲ್ಲಿ ಹೇಳಿದ ಕ್ರಮದಿಂದಲೇ ಒಂದೊಂದು ಅಂಗವನ್ನು ಏರಿಸುತ್ತ, ನಿಜವಾದ ಗುಡಿಗೆ ಹಿಡಿಯುವಂತೆ ಬಹುಕಾಲವನ್ನು ಹಿಡಿಸಿದನು. ಶಿವನು ಬಂದುದು ಆ ವಿಳಂಬಕ್ಕಾಗಿಯೇ ಇರಬೇಕೆಂದು ನನಗೆ ಅನ್ನಿಸುವುದುಂಟು. ಮನಸ್ಸಿನ ಇಟ್ಟಿಗೆಗೂ ಒಣಗಲು ಅವಕಾಶ ಕೊಟ್ಟವನಿಗೂ ಹಗಲುಗನಸಿನವನಿಗೂ ಇರುವ ಅಂತರ, ಪ್ಲಾಸ್ಟಿಕ್ಕಿನ ಗಾಡಿಯನ್ನು ಹಿಂದಕ್ಕೆ ತರಿಸಿದವರಿಗೂ ಆಟಿಕೆಯನ್ನು ತಳ್ಳಾಡುವವರಿಗೂ ಇರುವ ಅಂತರವೇ ಸರಿ.

ಇಲ್ಲಿ ಆಸ್ತಿಕರು ಅವಸರಪಡಬಾರದು. ಕಾಣದಿರುವುದರಿಂದ ಇಲ್ಲವೆನ್ನಲಾಗದು ಎಂಬ ನಿಯಮವನ್ನು ಹಿಡಿದು, ಆದುದರಿಂದ ಇದೆಯೆಂದು ಸಾಧಿಸಹೊರಡುವ ಉಪನ್ಯಾಸಕರು ನಮ್ಮಲ್ಲಿ ಕಡಮೆಯಿಲ್ಲ. ಮುಚ್ಚಳವು ಎರಡು ಬಾಯಿಗಳನ್ನೂ ಸಮನಾಗಿ ಮುಚ್ಚುತ್ತದೆಂಬುದನ್ನು ಅವರು ಮರೆಯುವರು. ಮಾದರಿ ರೈಲಿನವರು ತಮ್ಮ ಕೋಣೆಯ ಗೋಡೆಯ ಹಿಂದೆ, ನೋಡುವವರ ಕಣ್ಣಿಗೆ ಬೀಳದಂತೆ, ಕೆಲವು ಹಳಿಗಳನ್ನು ಹಾಕಿರುವರು. ಬಫೆಲೋ, ಕಾನ್ಸಾಸ್, ಟೆಕ್ಸಾಸ್ ಎಲ್ಲವೂ ಆ ಗುಪ್ತವಾದ ಹಳಿಗಳೇ. ಗೋದಿ ಅಲ್ಲಿಂದ ಬಂದು ಅಲ್ಲಿಗೇ ಹೋಗುತ್ತದೆ. ಅದನ್ನು ಪರಲೋಕಕ್ಕೆ ಹೋಲಿಸಲು ನಾಲಗೆ ತುರಿಸುತ್ತದೆ, ಆದರೆ ಹೋಲಿಕೆ ನಿಲ್ಲದು. ಗೋಡೆಯ ಹಿಂದೆ ಇರುವುದು ಬಫೆಲೋ ಅಲ್ಲ, ನಾಲ್ಕು ಹಳಿಗಳು ಮಾತ್ರ ಎಂಬುದನ್ನು ಆ ಮನೆಯ ಮಕ್ಕಳೂ ಬಲ್ಲರು. ಅಷ್ಟನ್ನು ಬಲ್ಲವರಾಗಿಯೂ ಅಲ್ಲಿಗೆ ಕಳುಹಿಸುವ ಸರಕಿನಲ್ಲಿ ಮೋಸ ಮಾಡದಿರುವುದು ಅವರ ಹೆಚ್ಚಳ. ಪರಲೋಕದ ಖಾತರಿಯನ್ನು ಪಡೆದ ಮೇಲೆ ಸತ್ಯಸಂಧರಾಗಲು ಒಪ್ಪುವವರ ಧರ್ಮವು ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನದೆಂದೇ ನನ್ನ ಮತ.

ತುಂಬಿದ ಗಾಡಿಯ ಮಾತು ಇಷ್ಟಾಯಿತು. ನನಗೆ ಇದಕ್ಕಿಂತ ಸೂಕ್ಷ್ಮವಾಗಿ ತೋರುವುದು ಖಾಲಿ ಗಾಡಿ. ಗಿರಣಿಯಲ್ಲಿ ಗೋದಿಯನ್ನು ಇಳಿಸಿದ ಮೇಲೆ ಚೀಟಿಯ ಮುಂದಿನ ಮುಖ ಬರುತ್ತದೆ: ಖಾಲಿ, ಕಣಜಕ್ಕೆ ಹಿಂದಿರುಗಿಸತಕ್ಕದ್ದು. ಎಂದೂ ಏನನ್ನೂ ಹೊತ್ತಿರದ ಪೆಟ್ಟಿಗೆಗೆ ಈಗ ಖಾಲಿಯೆಂಬ ಹೆಸರು. ನೈಯಾಯಿಕರ ಪ್ರಕಾರ ಪ್ರತಿಯೋಗಿಯಿಲ್ಲದ, ಎಂದರೆ ಇಲ್ಲವಾದ ವಸ್ತು ಯಾವುದೆಂದು ಹೇಳಲಾಗದ, ಅಭಾವವಿಲ್ಲ. ಬರಿಯ ಇಲ್ಲವೆಂಬುದು ಎಲ್ಲಿಯೂ ಇಲ್ಲ, ಗಡಿಗೆಯಿಲ್ಲ, ಬಟ್ಟೆಯಿಲ್ಲ ಎಂದೇ ಹೇಳಬೇಕು. ಅಂತೆಯೇ ಈ ಗಾಡಿಯಲ್ಲಿರುವುದು ಗೋದಿಯ ಅಭಾವ, ಪಕ್ಕದ ಹಳಿಯಲ್ಲಿ ನಿಂತ ಗಿಡ್ಡ ಗಾಡಿಯಲ್ಲಿರುವುದು ಸಿಮೆಂಟಿನ ಅಭಾವ. ಎರಡೂ ಕಣ್ಣಿಗೆ ಒಂದೇ ಬರಿದಾದರೂ ಒಂದು ಕಾನ್ಸಾಸಿನ ಬಯಲಿಗೆ, ಇನ್ನೊಂದು ಪೆನ್ಸಿಲ್ವೇನಿಯಾದ ಲೀಹೈ ಕಣಿವೆಗೆ ಹೊರಡಬೇಕು. ಸಿಮೆಂಟಿಲ್ಲದ ಗಾಡಿ ಗೋದಿಯಿಲ್ಲದ ಗಾಡಿಯ ಕೆಲಸಕ್ಕೆ ಬಾರದು. ನಿಜವಾದ ರೈಲುಹಾದಿಯಲ್ಲಿಯೂ ಸಕ್ಕರೆ, ಹಿಟ್ಟುಗಳನ್ನು ಹೊರುವ ಗಾಡಿಗಳನ್ನು ಬೇರೆ ಸರಕು ಸೋಂಕದಂತೆ ಕಾಯ್ದಿಡುವರು; ಬರಿದಾದ ಮೇಲೂ ಗಾಡಿಗೆ ತನ್ನ ಸರಕಿನ ವಾಸನೆ ತಪ್ಪಿದ್ದಲ್ಲ.

ಅಭಾವಗಳಲ್ಲಿಯೂ ನೈಯಾಯಿಕರು ಭೇದಗಳನ್ನು ಹೇಳಿರುವರು. ವಸ್ತು ಹುಟ್ಟುವುದಕ್ಕೆ ಮುಂಚಿನ ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು. ನಾಶವಾದ ಮೇಲಿನ ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಒಡೆದ ಗಡಿಗೆಯ ಬದಲು ಕುಂಬಾರನು ಹೊಸ ಗಡಿಗೆಯನ್ನು ಮಾಡಿಕೊಟ್ಟಾನು, ಒಡೆದದ್ದೇ ಮತ್ತೆ ಬಾರದು. ಕಣಜಕ್ಕೆ ಹೊರಟ ಖಾಲಿ ಗಾಡಿ ಈ ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಹೋಗುತ್ತದೆ: ಇಳಿಸಿದ ಗೋದಿಯ ಪ್ರಧ್ವಂಸ, ತುಂಬಬೇಕಾದ ಗೋದಿಯ ಪ್ರಾಗಭಾವ. ಗ್ರಂಥಗಳಲ್ಲಿ ಸರಿಹೋಗುವ ಈ ಲೆಕ್ಕಕ್ಕೆ ನಾಲ್ಕು ಮುಖದ ಚೀಟಿ ಮಾತ್ರ ಒಗ್ಗದು. ನಾಲ್ಕನೆಯ ಮುಖ ಮುಗಿದೊಡನೆ ಮೊದಲನೆಯದು ಮತ್ತೆ ಬರುತ್ತದೆ; ಅದೇ ಕಣಜ, ಅದೇ ಗಿರಣಿ, ಅದೇ ಅಕ್ಷರಗಳಲ್ಲಿ ಅದೇ ಗೋದಿ. ಕಳೆದ ಸಲ ಬಫೆಲೋವಿನಲ್ಲಿ ಹಿಟ್ಟಾಗಿ ಹೋದದ್ದೇ ಇದು ಎನ್ನುವ ಹಾಗಿಲ್ಲ, ಬೇರೆಯದೆನ್ನಲು ಚೀಟಿಯಲ್ಲಿ ಆಧಾರವಿಲ್ಲ. ಹಲವರು ಇದನ್ನು ಲಕ್ಷ್ಯಕ್ಕೇ ತಾರದೆ ವರ್ಷಗಟ್ಟಲೆ ಅದೇ ಚೀಟಿಯನ್ನು ತಿರುಗಿಸುತ್ತಿರುವರು. ಇನ್ನು ಕೆಲವರು, ಒಂದು ಸಲ ಸಾಗಿದ ಸರಕು ಎರಡನೆಯ ಸಲ ಸಾಗುವುದು ಯಾವ ರೈಲಿನಲ್ಲಿಯೂ ಇಲ್ಲವೆಂದು, ನಾಲ್ಕು ಮುಖವೂ ಮುಗಿದ ಚೀಟಿಯನ್ನು ಜೇಬಿನಿಂದ ತೆಗೆದುಹಾಕಿ, ಬೇರೆ ತಾರೀಖು ಹಾಕಿ, ಬೇರೆ ಕಣಜದ ಹೆಸರಿನಲ್ಲಿ ಹೊಸ ಚೀಟಿಯನ್ನು ಬರೆದಿಡುವರು.